ಬಾಟಲಿಗಿಂತ ಮಣ್ಣು ಮುಖ್ಯ

2018ರಲ್ಲಿ ನ್ಯೂಯಾರ್ಕಿನ ಹರಾಜೊಂದರಲ್ಲಿ ಒಂದು ಬಾಟಲಿ ವೈನ್ 5,58,000 ಡಾಲರಿಗೆ ಮಾರಾಟವಾಯಿತು. ಅದು ಫ್ರಾನ್ಸಿನ ಬರ್ಗಂಡಿ ಪ್ರಾಂತದ ರೊಮಾನೆ-ಕೊಂತಿ ದ್ರಾಕ್ಷಿತೋಟದ 1945ರ ವೈನ್. ತೋಟದ ವಿಸ್ತೀರ್ಣ ಸುಮಾರು ನಾಲ್ಕೂವರೆ ಎಕರೆ ಅಷ್ಟೆ.

19ನೇ ಶತಮಾನದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಕೀಟ ಬೇರಿನ ರಸ ಹೀರಿ ಫ್ರಾನ್ಸಿನ ತೋಟಗಳನ್ನು ಒಣಗಿಸಿತು. ಬೆಳೆಗಾರರು ಕೀಟವನ್ನು ತಾಳಬಲ್ಲ ಅಮೆರಿಕದ ಬೇರುಗಳಿಗೆ ಕಸಿ ಕಟ್ಟಿದರು. ಈ ತೋಟದವರು ಮಣ್ಣಿಗೆ ಔಷಧ ಹಾಕುತ್ತ ಹಳೆಯ ಬಳ್ಳಿಗಳನ್ನೇ ಕಾಪಾಡಿದರು. ಎರಡನೇ ಮಹಾಯುದ್ಧದಲ್ಲಿ ಔಷಧ ದೊರೆಯದೆ ಬಳ್ಳಿಗಳು ಸೊರಗಿದವು. 1945ರಲ್ಲಿ ಬಂದದ್ದು ಸುಮಾರು 600 ಬಾಟಲಿ. ಬಳಿಕ ಬಳ್ಳಿಗಳನ್ನು ಕಿತ್ತು ಕಸಿ ಸಸಿ ನೆಟ್ಟರು. 1952ರ ಕೊಯ್ಲಿನವರೆಗೆ ವೈನ್ ತಯಾರಾಗಲಿಲ್ಲ.

ಇಂದು ತೋಟದವರ ಚಿಂತೆ ಮಣ್ಣಿನದು. ರಾಸಾಯನಿಕ ಗೊಬ್ಬರ ಬಿಟ್ಟಿದ್ದಾರೆ. ಟ್ರ್ಯಾಕ್ಟರಿನ ಭಾರಕ್ಕೆ ಮಣ್ಣು ಗಟ್ಟಿಯಾಗದಿರಲೆಂದು ಕುದುರೆ ಕಟ್ಟಿ ಉಳುತ್ತಾರೆ.