ನಿಮಗಿದು ಗೊತ್ತೆ? ಬಾಗಳಿ ಬದಲಿಸಿದ ಜಿಲ್ಲೆಗಳು

ಕಲ್ಲೇಶ್ವರ ದೇಗುಲದಿಂದ ಹೆಸರಾದ ಹರಪನಹಳ್ಳಿ ತಾಲ್ಲೂಕಿನ ಬಾಗಳಿ, ಕಾಲು ಶತಮಾನದೊಳಗೆ ಮೂರು ಸಲ ಜಿಲ್ಲೆ ಬದಲಿಸಿದೆ.

ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ದಾವಣಗೆರೆ ಹೊಸ ಜಿಲ್ಲೆಯಾದಾಗ ತಾಲ್ಲೂಕು ಅತ್ತ ಸೇರಿತು. ವ್ಯಾಪಾರಕ್ಕೆ, ಆಸ್ಪತ್ರೆಗೆ ದಾವಣಗೆರೆಯೇ ಅನುಕೂಲ ಎಂದವರೂ ಇದ್ದರು.

ಪೆಟ್ಟು ಬಿದ್ದದ್ದು ಆಮೇಲೆ. ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ವಿಧಿ ಜಾರಿಯಾದಾಗ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೆ ವಿಶೇಷ ಸ್ಥಾನ ಸಿಕ್ಕಿತು. ಪಕ್ಕದ ಹಡಗಲಿ, ಕೂಡ್ಲಿಗಿಯ ಮಕ್ಕಳಿಗೆ ದೊರೆತ ಮೀಸಲಾತಿ, ಅದೇ ಮಳೆ ಅದೇ ಬರ ಕಂಡ ಹರಪನಹಳ್ಳಿಯ ಮಕ್ಕಳಿಗೆ ಇಲ್ಲ! ದೀರ್ಘ ಹೋರಾಟ ನಡೆಯಿತು; ಅದು ನ್ಯಾಯವಾದ ಹೋರಾಟ. 2018ರಲ್ಲಿ ತಾಲ್ಲೂಕು ಮರಳಿ ಬಳ್ಳಾರಿಗೆ ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ತಾಲ್ಲೂಕು ಅದಕ್ಕೆ ಸೇರಿ, ಜಿಲ್ಲಾ ಕೇಂದ್ರ ಹೊಸಪೇಟೆಯಾಯಿತು. 371ಜೆ ಸೌಲಭ್ಯ ಮಾತ್ರ ಉಳಿಯಿತು.

ಈ ವಿಧಿಯಡಿ ಈ ಜಿಲ್ಲೆಗಳ ಸ್ಥಳೀಯ ವೃಂದದಲ್ಲಿ ‘ಸಿ’ ಗುಂಪಿನ ಶೇ 80, ‘ಡಿ’ ಗುಂಪಿನ ಶೇ 85ರಷ್ಟು ಹುದ್ದೆಗಳು ಸ್ಥಳೀಯರಿಗೆ ಮೀಸಲು. ಅದಕ್ಕೆ ಉಪವಿಭಾಗಾಧಿಕಾರಿ ನೀಡುವ ಅರ್ಹತಾ ಪ್ರಮಾಣಪತ್ರ ಬೇಕು. ಅರ್ಜಿಯ ಕೊನೆಯ ದಿನದವರೆಗೆ ಕಾಯದೆ ಮೊದಲೇ ಪಡೆದಿಟ್ಟುಕೊಳ್ಳಿ.