ಸಿಮ್ಲಾ ರೈಲುದಾರಿಗೆ ಒದಗಿದ ಗಂಡಾಂತರ

ಕಾಲ್ಕಾದಿಂದ ಸಿಮ್ಲಾಕ್ಕೆ ಏರಿಹೋಗುವ ಕಿರುರೈಲು 1903ರಲ್ಲಿ ಸಂಚಾರವನ್ನಾರಂಭಿಸಿತು. ಪರದೇಶೀಯ ಪ್ರಭುಗಳು ಬೇಸಗೆಯನ್ನು ತಂಪಿನಲ್ಲಿ ಕಳೆಯಲೆಂದು ಅದನ್ನು ಹಾಕಿಸಿದರೆಂಬುದು ನಿಜ. ಆದರೆ ಅದರ ಸುರಂಗಗಳನ್ನು ಕೊರೆದ ಕೈಗಳು ನಮ್ಮವರವು. ಬರೋಗ್ ಸುರಂಗಕ್ಕೆ ದಾರಿ ತೋರಿದವನು ಭಲ್ಕೂ ಎಂಬ ಬೆಟ್ಟದ ಬಡವನೆಂದು ಆ ಸೀಮೆಯವರು ಇಂದಿಗೂ ಹೇಳಿಕೊಳ್ಳುತ್ತಾರೆ. ಎರಡೂವರೆ ಅಡಿ ಅಗಲದ ಈ ಹಳಿ ಸುಮಾರು 96 ಕಿಲೋಮೀಟರುಗಳಲ್ಲಿ ನೂರಕ್ಕೂ ಮಿಕ್ಕ ಸುರಂಗಗಳನ್ನು ಹಾಯುತ್ತದೆ. 2008ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಪಟ್ಟಿಗೆ ಸೇರಿದ ಮಾತ್ರಕ್ಕೆ ಗುಡ್ಡ ನಿಂತೀತೆ? 2023ರ ಆಗಸ್ಟ್ 14ರಂದು ಸಮ್ಮರ್ ಹಿಲ್ಲಿನಲ್ಲಿ ಮಣ್ಣು ಕುಸಿದು, ಶಿವಾಲಯವೊಂದು ಕೊಚ್ಚಿಹೋಗಿ, ಇಪ್ಪತ್ತು ಮಂದಿ ಮಡಿದರು. ಹಳಿಗಳು ಕೆಳಗೆ ನೆಲವಿಲ್ಲದೆ ಅಂತರದಲ್ಲಿ ಜೋತಾಡಿದವು. ಅತಿವೃಷ್ಟಿಯೊಂದೇ ಕಾರಣವೆನ್ನುವವರಿದ್ದಾರೆ. ಮಳೆ ಸುರಿದುದು ದಿಟ. ಆದರೆ ನಗರದ ಇಳಿಜಾರುಗಳನ್ನು ಕಡಿದು, ಅಂತಸ್ತಿನ ಮೇಲೆ ಅಂತಸ್ತನ್ನೇರಿಸಿ, ನೀರಿನ ಸಹಜವಾದ ಹಾದಿಯನ್ನು ಮುಚ್ಚಿದ ಮೇಲೆ, ಆ ನೀರು ಮಣ್ಣಿನೊಳಕ್ಕಿಳಿದು ಗುಡ್ಡವನ್ನು ಸಡಿಲಿಸದೆ ಮತ್ತೇನು ಮಾಡೀತು?

ನಗರದ ಹಸಿರು ವಲಯದಲ್ಲಿಯೂ ಕೇಂದ್ರಭಾಗದಲ್ಲಿಯೂ ಹೊಸ ಕಟ್ಟಡ ಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2017ರಲ್ಲಿ ವಿಧಿಸಿತ್ತು. 2024ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಪಡಿಸಿ, 2041ರವರೆಗಿನ ನಗರಾಭಿವೃದ್ಧಿ ಯೋಜನೆಗೆ ಅನುಮತಿಯಿತ್ತಿತು. ತೀರ್ಪಿಗೆ ನಾವು ತಲೆಬಾಗುತ್ತೇವೆ. ಆದರೆ ಕಟ್ಟಲೇಬೇಕೆಂದು ನ್ಯಾಯಾಲಯವು ಯಾರಿಗೂ ಅಪ್ಪಣೆ ಮಾಡಿಲ್ಲವಷ್ಟೆ! ಹಳಿಯ ಮೇಲ್ಮಗ್ಗುಲಿನ ಇಳಿಜಾರುಗಳಲ್ಲಿ ಒಂದೊಂದು ಪರವಾನಗಿಯನ್ನು ಕೊಡುವ ಮುನ್ನವೂ ಭೂಗರ್ಭತಜ್ಞರ ಅಭಿಪ್ರಾಯವನ್ನು ಪಡೆದು, ಅದನ್ನು ಸಾರ್ವಜನಿಕರ ಮುಂದಿಡಬೇಕೆಂದು ಹಿಮಾಚಲ ಸರಕಾರದವರನ್ನು ನಾವು ಒತ್ತಾಯಪಡಿಸುತ್ತೇವೆ.