ಒಂದು ಸೆಂಟಿಗೂ ಒಂದು ಮರ್ಯಾದೆ

ಲಿಮೆರಿಕ್‌ನ ಅಂಗಡಿಗಳಲ್ಲಿ ನಗದು ಕೊಟ್ಟಾಗ 9.98 ಯೂರೋ ಬಿಲ್ಲು 10 ಯೂರೋ ಆಗುವುದನ್ನು, 9.92 ಇದ್ದದ್ದು 9.90ಕ್ಕೆ ಇಳಿಯುವುದನ್ನು ನೀವೆಲ್ಲ ಗಮನಿಸಿರಬಹುದು. ವೆಕ್ಸ್‌ಫರ್ಡ್‌ನಲ್ಲಿ 2013ರಲ್ಲಿ ಪ್ರಯೋಗ ಮಾಡಿ ನೋಡಿ, 2015ರ ಅಕ್ಟೋಬರ್ 28ರಿಂದ ಐರ್ಲೆಂಡ್ ದೇಶಕ್ಕೆಲ್ಲ ತಂದ ಪದ್ಧತಿ ಇದು. ಒಂದು ಸೆಂಟ್ ನಾಣ್ಯ ತಯಾರಿಸಲು ಒಂದು ಸೆಂಟಿಗಿಂತ ಹೆಚ್ಚು ಖರ್ಚು. ತಯಾರಾದದ್ದೋ ಮನೆಯ ಡಬ್ಬಿ ಸೇರಿ ಹೊರಗೆ ಬರುತ್ತಿರಲಿಲ್ಲ.

ನಮ್ಮ ಊರಿನ ಕಥೆ ಬೇರೆ. 2011ರ ಜೂನ್ 30ರಿಂದ ನಾಲ್ಕಾಣೆಯ ಚಲಾವಣೆಯೇ ನಿಂತಿತು. ಎಂಟಾಣೆಗೆ ಕಾನೂನಿನ ಮಾನ್ಯತೆ ಇಂದಿಗೂ ಇದೆ, ಆದರೆ ಚಿಲ್ಲರೆಯ ಬದಲು ಕೈಗೆ ಬಂದದ್ದು ಚಾಕೊಲೇಟು! ಅದೇ ಚಾಕೊಲೇಟನ್ನು ಮರುದಿನ ನಾವು ದುಡ್ಡೆಂದು ಕೊಟ್ಟರೆ ಅಂಗಡಿಯವರು ತೆಗೆದುಕೊಳ್ಳುತ್ತಾರೆಯೇ?

ಐರ್ಲೆಂಡಿನ ಕ್ರಮ ಮೆಚ್ಚಬೇಕಾದದ್ದು ಇಲ್ಲಿಯೇ. ಒಂದೊಂದು ಸಾಮಾನಿನ ಬೆಲೆಯಲ್ಲ, ಒಟ್ಟು ಬಿಲ್ಲು ಮಾತ್ರ ಹತ್ತಿರದ ಐದು ಸೆಂಟಿಗೆ ಏರುತ್ತದೆ ಅಥವಾ ಇಳಿಯುತ್ತದೆ. ಬೇಡವೆಂದರೆ ಸರಿಯಾದ ಚಿಲ್ಲರೆ ಕೇಳುವ ಹಕ್ಕು ನಮಗಿದೆ. ನಾಣ್ಯವೂ ರದ್ದಾಗಿಲ್ಲ. ಚಿಕ್ಕ ಕಾಸು ಮರೆಯಾಗಲಿ, ಬಡವನ ಲೆಕ್ಕ ಮರೆಯಾಗಬಾರದು.

ಹನಿ ಹನಿ ಕೂಡಿದರೆ ಹಳ್ಳ ತಾನೇ? ಈ ಹಬ್ಬಕ್ಕೆ ಡಬ್ಬಿಯ ಸೆಂಟುಗಳನ್ನು ಮಕ್ಕಳಿಂದ ಕನ್ನಡದಲ್ಲಿ ಎಣಿಸಿ, ಒಂದು ಒಳ್ಳೆಯ ಕೆಲಸದ ಹುಂಡಿಗೆ ಹಾಕಿಸೋಣ.